ನಾಲ್ಕನೇ ಜ್ವರ ಎದ್ದ ವಾರ

ರೇಷ್ಮೆ ಸಾಕುವ ಮನೆಯಲ್ಲಿ ‘ಜ್ವರ’ ಅಂದರೆ ಯಾರೂ ಬೆಚ್ಚುವುದಿಲ್ಲ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ಬಕಾಸುರನ ಹಸಿವು. ಹಣ್ಣಾಗುವ ತನಕ, ಅಂದರೆ ಗೂಡು ಕಟ್ಟಲು ತಯಾರಾಗುವ ತನಕ, ಒಂದು ವಾರ ರಾತ್ರಿ ಹಗಲು ಸೊಪ್ಪು ಹಾಕುತ್ತಲೇ ಇರಬೇಕು. ಆ ವಾರ ನೆಂಟರು ಬಂದರೂ ಯಾಕಪ್ಪ ಬಂದರು ಅನ್ನಿಸುತ್ತದೆ.

2024ರ ಜುಲೈನಲ್ಲಿ, ಅಂಥದ್ದೇ ಒಂದು ವಾರದಲ್ಲಿ, ನನ್ನ ಮಗಳಿಗೆ ಜ್ವರ ಬಂತು.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಊರು. ಅಪ್ಪ, ತಮ್ಮ ಹುಳು ನೋಡಿಕೊಳ್ಳುತ್ತಾರೆ. ನಾನು ಪೇಟೆಯಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಪಹಣಿ, ತಿಥಿ ಕಾರ್ಡು. ಮಳೆಗಾಲ ಬಂತೆಂದರೆ ಡೆಂಗಿ ಕರಪತ್ರ. ಆ ಕರಪತ್ರಗಳನ್ನು ಹತ್ತು ವರ್ಷದಿಂದ ನಾನೇ ಜೋಡಿಸಿ ಕೊಡುತ್ತಿದ್ದೇನೆ. ಮೇಲೆ ದಪ್ಪ ಅಕ್ಷರದಲ್ಲಿ ನಿಂತ ನೀರು ಬೇಡ ಅಂತ. ಕೆಳಗೆ ಟೈರು, ತೆಂಗಿನ ಚಿಪ್ಪು, ಹೂಕುಂಡ, ಏರ್ ಕೂಲರ್ ಚಿತ್ರ. ಕೂಲರ್ ನಮ್ಮೂರಲ್ಲಿ ಒಂದು ಮನೆಯಲ್ಲೂ ಇಲ್ಲ. ಆದರೂ ಪ್ರತಿ ವರ್ಷ ಅದೇ ಚಿತ್ರ. ಹೋದ ವರ್ಷದ ಫೈಲ್ ತೆಗೆದು ತಾರೀಖು ಬದಲಾಯಿಸುವುದು ಸುಲಭ ಅಲ್ವಾ. ಮಾಡುತ್ತಿದ್ದವನು ನಾನೇ, ಬೇರೆಯವರನ್ನು ಏನು ಹೇಳಲಿ.

ಮೊದಲ ದಿನ, ಮಳೆಯಲ್ಲಿ ನೆನೆದಿದ್ದಾಳೆ ಅಂದುಕೊಂಡೆವು. ಎರಡನೇ ದಿನ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಮೈಕೈ ನೋವು ಅಂದದ್ದಕ್ಕೆ ಇಂಜೆಕ್ಷನ್ ಚುಚ್ಚಿ, ಪೊಟ್ಟಣದಲ್ಲಿ ಮಾತ್ರೆ ಕಟ್ಟಿ ಕಳಿಸಿದರು. ಏನು ಮಾತ್ರೆ ಅಂತ ನಾನೂ ಕೇಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಮೈ ತಣ್ಣಗಿತ್ತು. ಜ್ವರ ಬಿಟ್ಟಿತು ಅಂತ ಎಲ್ಲರೂ ತೋಟಕ್ಕೆ ಸೊಪ್ಪು ಕಡಿಯಲು ಹೋದೆವು. ಮಧ್ಯಾಹ್ನ ಬಂದು ನೋಡಿದರೆ ಹೊಟ್ಟೆ ಹಿಡಿದುಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಮೂರು ಸಲ ವಾಂತಿ ಆಗಿದೆ. ಕರೆದರೆ ‘ಹ್ಞೂಂ’ ಅನ್ನುತ್ತಾಳೆ, ಕಣ್ಣು ಬಿಡುವುದಿಲ್ಲ.

ಡೆಂಗಿಯ ಕಷ್ಟ ಜ್ವರ ಇಳಿದ ಮೇಲೆ ಶುರುವಾಗುತ್ತದೆ ಅನ್ನುವುದು ನನಗೆ ಗೊತ್ತಾಗಿದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಮೂರರಿಂದ ಏಳನೇ ದಿನದ ನಡುವೆ, ಜ್ವರ ಬಿಡುವ ಹೊತ್ತಿಗೆ, ಕೆಲವರಲ್ಲಿ ರಕ್ತನಾಳಗಳಿಂದ ನೀರಿನ ಅಂಶ ಒಸರಲು ಶುರುವಾಗುತ್ತದಂತೆ. ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಬೀಳುತ್ತದೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ಮಂಕು, ಇವು ಕಂಡರೆ ಕಾಯಬಾರದು. ನಾವು ಕಾದಿದ್ದೆವು. ಇನ್ನೊಂದು ವಿಷಯಕ್ಕೆ ಡಾಕ್ಟರ್ ಬೈದರು. ಡೆಂಗಿ ಇರಬಹುದು ಅನ್ನುವಾಗ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ, ಇಂಜೆಕ್ಷನ್ ಕೊಡಬಾರದು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಯಾವುದೂ ಬೇಡ, ರಕ್ತಸ್ರಾವ ಜಾಸ್ತಿಯಾಗುತ್ತದೆ. ಪೊಟ್ಟಣದಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ.

ಮನೆಯವರೆಲ್ಲ ಪ್ಲೇಟ್ಲೆಟ್ ಲೆಕ್ಕಕ್ಕೆ ಬಿದ್ದರು. ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು, ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ಫೋನು. ಚಿಕ್ಕಮ್ಮ ಪರಂಗಿ ಎಲೆ ಅರೆದು ರಸ ತಂದರು. ಕುಡಿದ ಮಗಳು ಅದನ್ನೂ ಕಕ್ಕಿದಳು. ಡಾಕ್ಟರ್ ಮಾತ್ರ ಪ್ಲೇಟ್ಲೆಟ್‌ಗಿಂತ ಜಾಸ್ತಿ, ಎಷ್ಟು ನೀರು ಕುಡಿದಳು, ಎಷ್ಟು ಸಲ ಮೂತ್ರಕ್ಕೆ ಹೋದಳು ಅಂತಲೇ ಕೇಳುತ್ತಿದ್ದರು. ಮೂರು ದಿನ ಡ್ರಿಪ್ಪು, ಗಂಜಿ, ಎಳನೀರು. ಮನೆಗೆ ಬಂದಳು. ಆ ಹೊತ್ತಿಗೆ ಹುಳು ಚಂದ್ರಿಕೆಗೆ ಏರಿ ಗೂಡು ಕಟ್ಟಿತ್ತು.

ಊರಿನ ಆರೋಗ್ಯ ಕಾರ್ಯಕರ್ತೆ, ನಮ್ಮ ಆಶಾ ಅಕ್ಕ, ಬಂದದ್ದು ಅದಾದ ಮೂರನೇ ದಿನ. ಡೆಂಗಿ ಖಾತ್ರಿಯಾದ ಮನೆ, ಅದರ ಸುತ್ತಮುತ್ತಲ ಮನೆ, ಎಲ್ಲಾ ನೋಡಬೇಕು ಅಂತ ಟಾರ್ಚ್, ನೋಟ್‌ಬುಕ್ ಹಿಡಿದು ಬಂದರು. ನಾನು ಸ್ವಲ್ಪ ಜಂಬದಲ್ಲೇ ಅಂಗಳ ತೋರಿಸಿದೆ. ಟೈರಿಲ್ಲ, ಚಿಪ್ಪಿಲ್ಲ. ಕರಪತ್ರದಲ್ಲಿ ಏನೇನು ಬೇಡ ಅಂತ ಅಚ್ಚಾಗಿದೆಯೋ ಅದ್ಯಾವುದೂ ಇಲ್ಲ. ಅವರು ತಲೆಯಾಡಿಸಿ ನೇರ ಹುಳು ಮನೆಗೆ ಹೋದರು.

ಹುಳು ಸಾಕುವ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುವುದು ನಮ್ಮಲ್ಲಿ ಅಜ್ಜನ ಕಾಲದ ರೂಢಿ. ಇರುವೆ ಹತ್ತಬಾರದಲ್ಲ, ಹತ್ತಿದರೆ ಹುಳು ಉಳಿಯುವುದಿಲ್ಲ. ನಮ್ಮ ಮನೆಯಲ್ಲಿ ಆರು ಸ್ಟ್ಯಾಂಡು, ಒಂದೊಂದಕ್ಕೆ ನಾಲ್ಕು ಕಾಲು. ಲೆಕ್ಕ ಹಾಕಿ, ಇಪ್ಪತ್ತನಾಲ್ಕು ಬಟ್ಟಲು. ಅಕ್ಕ ಬಗ್ಗಿ ಒಂದಕ್ಕೆ ಟಾರ್ಚ್ ಬಿಟ್ಟರು. ಮೊದಲು ಏನೂ ಕಾಣಲಿಲ್ಲ. ಮೇಲೆ ಹಿಪ್ಪುನೇರಳೆ ಎಲೆಯ ಚೂರು, ಧೂಳು. ಆಮೇಲೆ ನೀರಿನೊಳಗೆ ಕೂದಲೆಳೆಯಷ್ಟು ಸಣ್ಣದೊಂದು ಎಂಟರ ಆಕಾರಕ್ಕೆ ಬಳುಕಿ ಕೆಳಗಿಳಿಯಿತು. ಹಿಂದೆಯೇ ಇನ್ನೊಂದು. ಬೆಳಕು ಬಿದ್ದದ್ದೇ ಎಲ್ಲಾ ತಳಕ್ಕೆ ಓಡಿದವು. ಟಾರ್ಚ್ ಆರಿಸಿ ಒಂದು ನಿಮಿಷ ಕಾದರೆ, ಉಸಿರಾಡಲು ಒಂದೊಂದೇ ಮೇಲೆ ಬಂದು, ಬಾಲದ ತುದಿ ನೀರಿನ ಮೇಲ್ಮೈಗೆ ತಾಗಿಸಿ, ತಲೆಕೆಳಗಾಗಿ ಓರೆಯಾಗಿ ನೇತಾಡಿದವು. ಅಂಗೈಯಗಲದ ಬಟ್ಟಲಿನಲ್ಲಿ ನಲವತ್ತಾದರೂ ಇದ್ದವು. ಇಪ್ಪತ್ತನಾಲ್ಕರಲ್ಲಿ ಹದಿನೇಳು ಬಟ್ಟಲು ಹಾಗೇ.

ಒಂದು ಹುಳುವನ್ನು ಮಕ್ಕಳ ಹಾಗೆ ಸಾಕುತ್ತಿದ್ದೆವು. ಅದರ ಕಾಲ ಕೆಳಗೆ ಇನ್ನೊಂದು ಹುಳುವನ್ನೂ ಸಾಕುತ್ತಿದ್ದೆವು.

ಈಡಿಸ್ ಈಜಿಪ್ಟೈ ಅನ್ನುವ ಈ ಸೊಳ್ಳೆ ಚರಂಡಿಯದ್ದಲ್ಲ. ಕಾಲಿನ ಮೇಲೆ ಬಿಳಿ ಪಟ್ಟೆ ಇರುವ ಕಪ್ಪು ಸೊಳ್ಳೆ. ಹಗಲು ಕಚ್ಚುತ್ತದೆ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸಂಜೆ ಕತ್ತಲಾಗುವ ಮುಂಚೆ. ಡೆಂಗಿ, ಚಿಕುನ್‌ಗುನ್ಯಾ, ಝೀಕಾ ಮೂರನ್ನೂ ಹರಡುವುದು ಇದೇ. ಮೊಟ್ಟೆಯಿಟ್ಟು ಏಳರಿಂದ ಹತ್ತು ದಿನಕ್ಕೆ ಹಾರುವ ಸೊಳ್ಳೆ ತಯಾರು. ಜಾಸ್ತಿ ದೂರ ಹೋಗುವ ಜಾತಿಯೂ ಅಲ್ಲ, ಹುಟ್ಟಿದ ಮನೆಯ ಆಸುಪಾಸಿನಲ್ಲೇ ಬದುಕು ಮುಗಿಸುತ್ತದೆ. ಮಂಚದ ಕೆಳಗೆ, ನೇತು ಹಾಕಿದ ಬಟ್ಟೆಯ ಹಿಂದೆ ಕೂತಿರುತ್ತದೆ. ಅಂದರೆ ನನ್ನ ಮಗಳಿಗೆ ಕಚ್ಚಿದ್ದು ಬಹುಶಃ ನಮ್ಮದೇ ಬಟ್ಟಲಿನದ್ದು. ಪಂಚಾಯಿತಿ ಚರಂಡಿ ಬೈದುಕೊಂಡು ಇದ್ದಿದ್ದರೆ ಮನಸ್ಸಿಗೆ ಎಷ್ಟು ಹಾಯಾಗಿತ್ತು.

ಹಿಂದಿನ ವರ್ಷವೇ ಎಚ್ಚರಿಕೆ ಸಿಕ್ಕಿತ್ತು, ಅದನ್ನೂ ಹೇಳಬೇಕು. 2023ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನದ್ದೇ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳನ್ನು ಪರೀಕ್ಷೆಗೆ ಕಳಿಸಿದ್ದರು. ಅದರಲ್ಲಿ ಝೀಕಾ ವೈರಸ್ ಇದೆ ಅಂತ ಅಕ್ಟೋಬರ್ ಕೊನೆಗೆ ವರದಿ ಬಂತು. ಊರ ತುಂಬಾ ಜೀಪು, ಟಿವಿಯವರು. ಗರ್ಭಿಣಿಯರ ರಕ್ತ ತೆಗೆದುಕೊಂಡು ಹೋದರು, ಯಾಕಂದರೆ ಝೀಕಾ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಪೆಟ್ಟು ಕೊಡುತ್ತದೆ. ಜನರಲ್ಲಿ ಯಾರಿಗೂ ಸಿಗಲಿಲ್ಲ. ಸಿಗಲಿಲ್ಲ ಅನ್ನುವುದು ಗೊತ್ತಾದ ಮೇಲೆ ನಾವೆಲ್ಲ ಮರೆತೆವು. ಆದರೆ ಸೊಳ್ಳೆ ಇತ್ತಲ್ಲ. ಆ ಸಲ ಅದರ ಹೊಟ್ಟೆಯಲ್ಲಿ ಝೀಕಾ, ಈ ಸಲ ಡೆಂಗಿ. ಬಸ್ಸು ಅದೇ, ಹತ್ತಿ ಇಳಿಯುವವರು ಬೇರೆ.

ನನ್ನನ್ನು ಈಗಲೂ ಕುಟುಕುವ ಸಂಗತಿ ಇನ್ನೊಂದಿದೆ. ಜ್ವರ ಇದ್ದ ಆ ನಾಲ್ಕು ದಿನ ಮಗಳನ್ನು ಗಾಳಿ ಬರಲಿ ಅಂತ ಪಡಸಾಲೆಯಲ್ಲೇ ಮಲಗಿಸಿದ್ದೆವು. ಸೊಳ್ಳೆಪರದೆ ರಾತ್ರಿಗೆ ಮಾತ್ರ. ಡೆಂಗಿಯ ರೋಗಿಗೆ ಪರದೆ ಬೇಕಾಗುವುದು ಹಗಲಿನಲ್ಲಿ, ಅದೂ ರೋಗಿಗಿಂತ ಜಾಸ್ತಿ ಅಕ್ಕಪಕ್ಕದವರಿಗೋಸ್ಕರ. ಜ್ವರದ ಆ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಆಗ ಕಚ್ಚಿದ ಸೊಳ್ಳೆಯೊಳಗೆ ಅದು ಬೆಳೆಯಲು ಎಂಟರಿಂದ ಹನ್ನೆರಡು ದಿನ ಬೇಕು. ಅಲ್ಲಿಂದ ಆ ಸೊಳ್ಳೆ ಯಾರಿಗೆ ಕಚ್ಚುತ್ತದೋ ಅವರಿಗೆ ನಾಲ್ಕರಿಂದ ಹತ್ತು ದಿನದಲ್ಲಿ ಜ್ವರ. ಮಗಳು ಮಲಗಿದ ಹದಿನೆಂಟನೇ ದಿನ ಪಕ್ಕದ ಮನೆಯ ಹುಡುಗನಿಗೆ ಮೈ ಸುಟ್ಟಿತು. ಲೆಕ್ಕ ಸರಿಯಾಗಿ ಕೂರುತ್ತದೆ. ಅವನಿಗೆ ಹಗುರವಾಗಿಯೇ ಹೋಯಿತು, ದೇವರು ದೊಡ್ಡವನು. ಅವರಮ್ಮ ಒಂದು ಮಾತೂ ಆಡಲಿಲ್ಲ. ಲೆಕ್ಕ ಗೊತ್ತಿದ್ದವನು ನಾನೊಬ್ಬನೇ, ನಾನೂ ಆಡಲಿಲ್ಲ.

ಕರಪತ್ರದಲ್ಲಿ ‘ನೀರು ಚೆಲ್ಲಿ’ ಅಂತ ಇರುತ್ತದೆ. ಚಿಕ್ಕಬಳ್ಳಾಪುರ, ಕೋಲಾರದಲ್ಲಿ ಬಾಗಿಲಿಗೆ ಬಂದು ನೀರು ಚೆಲ್ಲಿ ಅನ್ನುವುದು ಅನ್ನ ಚೆಲ್ಲಿ ಅಂದ ಹಾಗೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಸೀಮೆ ಇದು. ಬೋರ್‌ವೆಲ್ ಸಾವಿರ, ಸಾವಿರದೈನೂರು ಅಡಿ ಹೋದರೂ ಬರೀ ಧೂಳು ಬರುತ್ತದೆ. ಬೆಂಗಳೂರಿನ ಕೊಳಚೆ ನೀರು ಸಂಸ್ಕರಿಸಿ ಕೆರೆ ತುಂಬಿಸುವ ಯೋಜನೆಗಳು, 2018ರಲ್ಲಿ ಕೋಲಾರಕ್ಕೆ ಕೆ.ಸಿ. ವ್ಯಾಲಿ, ಆಮೇಲೆ ನಮಗೆ ಎಚ್.ಎನ್. ವ್ಯಾಲಿ, ಕೆರೆಗೆ ಕಳೆ ತಂದವು. ಮನೆಯ ನಲ್ಲಿಗೆ ಅಲ್ಲ. ನಮ್ಮ ಬೀದಿಗೆ ನೀರು ಬಿಡುವುದು ಎಂಟು ದಿನಕ್ಕೊಮ್ಮೆ. ಬೇಸಿಗೆಯಲ್ಲಿ ಹತ್ತು, ಹನ್ನೆರಡು. ಬಿಟ್ಟ ಒಂದು ಗಂಟೆಯಲ್ಲಿ ಸಂಪು, ಡ್ರಮ್ಮು, ಬಚ್ಚಲ ತೊಟ್ಟಿ, ಬಿಂದಿಗೆ, ಕೊನೆಗೆ ಪಾಯಸದ ಪಾತ್ರೆಗೂ ಹಿಡಿದಿಡುತ್ತೇವೆ.

ಈಗ ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ. ನೀರಿನ ಸರದಿ ಎಂಟರಿಂದ ಹತ್ತು ದಿನ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆಗೆ ಬರುವ ಸರದಿ ಏಳರಿಂದ ಹತ್ತು ದಿನ. ನಲ್ಲಿಯಲ್ಲಿ ದಿನಾ ನೀರು ಬರುವ ಊರಿನಲ್ಲಿ ಯಾರೂ ತೊಟ್ಟಿ ತುಂಬಿಡುವುದಿಲ್ಲ, ಸೊಳ್ಳೆಗೂ ಜಾಗ ಸಿಗುವುದಿಲ್ಲ. ನಮ್ಮಲ್ಲಿ ನೀರು ಬರುವುದು ತಡವಾದಷ್ಟೂ ಅದಕ್ಕೆ ಬಾಣಂತನ ಚೆನ್ನಾಗಿ ಆಗುತ್ತದೆ. ಡೆಂಗಿ ಮಳೆಗಾಲದ ಕಾಯಿಲೆ ಅಂತ ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೇನೆ. ನಮ್ಮ ಕಡೆ ಅದು ನೀರಿಲ್ಲದ ಕಾಲದ ಕಾಯಿಲೆಯೂ ಹೌದು.

2006 ನೆನಪಾಗುತ್ತದೆ. ಆ ವರ್ಷ ಚಿಕುನ್‌ಗುನ್ಯಾ ಇಡೀ ಬಯಲುಸೀಮೆಯನ್ನು ಮಡಚಿ ಹಾಕಿತು. ರಾಜ್ಯದಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಶಂಕಿತ ಪ್ರಕರಣ. ನಮ್ಮ ಬೀದಿಯಲ್ಲಿ ನೆಟ್ಟಗೆ ನಡೆಯುವವರು ಯಾರೂ ಇರಲಿಲ್ಲ. ಅಜ್ಜಿ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು. ಹೆಸರಿನಲ್ಲಿ ಚಿಕನ್ ಇದೆ ಅಂತ ಊರಲ್ಲಿ ಕೋಳಿ ತಿನ್ನುವುದು ಬಿಟ್ಟಿದ್ದರು. ಅದು ಆಫ್ರಿಕಾದ ಮಕೊಂಡೆ ಭಾಷೆಯ ಪದವಂತೆ, ಬಾಗಿಸುವುದು ಅಂತ ಅರ್ಥ. ಅಜ್ಜಿಯನ್ನು ನೋಡಿದ್ದವರಿಗೆ ಅರ್ಥ ಹೇಳಬೇಕಾಗಿರಲಿಲ್ಲ.

ಅದೇ ವರ್ಷ ನಮ್ಮ ಸುತ್ತಲಿನ ಜಿಲ್ಲೆಗಳಲ್ಲೇ ಒಂದು ಪ್ರಯೋಗ ನಡೆದಿತ್ತು ಅಂತ ನನಗೆ ತಿಳಿದಿದ್ದು ಮೊನ್ನೆ ಮೊನ್ನೆ. ತುಮಕೂರು ಜಿಲ್ಲೆಯ ದೊಮ್ಮತಮರಿ, ಶ್ರೀನಿವಾಸಪುರ ಅನ್ನುವ ಎರಡು ಹಳ್ಳಿ, ಕೋಲಾರ ಜಿಲ್ಲೆಯ ಒಂದು ಹಳ್ಳಿ. ಸಂಶೋಧಕರು ಹೋಗಿ ನೋಡಿದರೆ ಈಡಿಸ್ ಜಾಸ್ತಿ ಬೆಳೆಯುತ್ತಿದ್ದದ್ದು ಮನೆಯೊಳಗಿನ ಸಿಮೆಂಟ್ ತೊಟ್ಟಿಗಳಲ್ಲಿ. ನೂರಕ್ಕೆ ಸುಮಾರು 87 ಪಾಲು. ಜ್ವರಕ್ಕೂ ಸೊಳ್ಳೆಗೂ ಸಂಬಂಧ ಇದೆ ಅಂತ ಗೊತ್ತಿದ್ದವರು ನೂರಕ್ಕೆ 18 ಜನ. ದೊಮ್ಮತಮರಿಯಲ್ಲಿ ಮೊದಲು ಬರೀ ತಿಳಿವಳಿಕೆ ಹೇಳಿದರು. ಜನ ಚೆನ್ನಾಗಿಯೇ ಕಲಿತರು. ಆದರೆ ತೊಟ್ಟಿಯ ಲಾರ್ವಾ, ಅಂದರೆ ಸೊಳ್ಳೆ ಮರಿ, ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಆಮೇಲೆ ತೊಟ್ಟಿಗೆ ಆ ಲಾರ್ವಾ ತಿನ್ನುವ ಗಪ್ಪಿ ಮೀನು ಬಿಟ್ಟರು. ಒಂದೇ ವಾರದಲ್ಲಿ ಕಡಿಮೆಯಾಯಿತು. ಶ್ರೀನಿವಾಸಪುರದಲ್ಲಿ ತಿಳಿವಳಿಕೆ ಇಲ್ಲದೆ ಬರೀ ಮೀನು ಬಿಟ್ಟಿದ್ದರು. ಅಲ್ಲೂ ಇಳಿಯಿತು, ಆದರೆ ತಿಂಗಳು ಕಳೆದ ಮೇಲೆ ದೊಮ್ಮತಮರಿಯಷ್ಟು ನಿಲ್ಲಲಿಲ್ಲ.

ಇದನ್ನು ಓದಿ ನಾನು ಅಂಗಡಿಯಲ್ಲಿ ಸುಮ್ನೆ ಕೂತೆ. ಹತ್ತು ವರ್ಷದಲ್ಲಿ ನಾನು ಅಚ್ಚು ಹಾಕಿಸಿದ ಕರಪತ್ರ ಎಷ್ಟು ರೀಮು? ಬರೀ ಮಾತು ಸಾಲದು ಅಂತ ನಮ್ಮ ಪಕ್ಕದ ಜಿಲ್ಲೆಯಲ್ಲೇ ಗೊತ್ತಾಗಿತ್ತು. ನೀರು ಬೇಕೇ ಬೇಕಾದವರಿಗೆ ನೀರು ಇಟ್ಟುಕೊಂಡೇ ಸೊಳ್ಳೆ ತಪ್ಪಿಸುವ ದಾರಿ ಕೈಗೆ ಕೊಡಬೇಕಿತ್ತು.

ನಾವೂ ಮೀನು ತಂದೆವು. ಪ್ರಾಥಮಿಕ ಆರೋಗ್ಯ ಕೇಂದ್ರದ ತೊಟ್ಟಿಯಲ್ಲಿ ಸಾಕಿದ್ದ ಗಪ್ಪಿ, ಪ್ಲಾಸ್ಟಿಕ್ ಕವರಿನಲ್ಲಿ ಎಂಟು. ಕಾಳುಮೆಣಸಿಗಿಂತ ಸ್ವಲ್ಪ ಉದ್ದ. ಅಮ್ಮ ತಕರಾರು ತೆಗೆದರು, ಕುಡಿಯೋ ನೀರಿಗೆ ಮೀನಾ ಅಂತ. ಕುಡಿಯುವ ನೀರಿಗಲ್ಲ, ಬಚ್ಚಲ ತೊಟ್ಟಿಗೆ ಅಂತ ಸಮಾಧಾನ ಮಾಡಿದೆ. ಮೊದಲ ವಾರ ಅಮ್ಮನೇ ಶುದ್ಧ ಮಾಡುತ್ತೇನೆ ಅಂತ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿ ಆರು ಮೀನು ಕೊಂದರು. ಉಳಿದ ಎರಡು ಈಗ ನಲವತ್ತಾಗಿವೆ. ಬೀದಿಯಲ್ಲಿ ಹನ್ನೊಂದು ಮನೆಗೆ ಹಂಚಿದ್ದೇವೆ. ಕೆರೆಗೆ ಮಾತ್ರ ಬಿಡಬೇಡಿ ಅಂತ ಎಲ್ಲರಿಗೂ ಹೇಳಿದ್ದೇನೆ. ಹೊರಗಿನ ಮೀನು, ನಮ್ಮ ಕೆರೆಯ ಮೀನಿನ ಮೊಟ್ಟೆ ಮರಿಗೂ ಬಾಯಿ ಹಾಕುತ್ತದೆ.

ಡ್ರಮ್ಮಿಗೆ ಮೀನು ಆಗಿಬರುವುದಿಲ್ಲ. ಬಾಯಿಗೆ ಹಳೇ ಪಂಚೆ ಎರಡು ಮಡಿಕೆ ಮಾಡಿ, ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟುತ್ತೇವೆ. ಮುಚ್ಚಳ ಅಂದರೆ ಅರ್ಧ ತೆರೆದೇ ಇರುತ್ತದೆ, ಪಂಚೆ ವಾಸಿ. ಬಟ್ಟಲುಗಳಿಗೆ ಕಲ್ಲುಪ್ಪು ಸುರಿದು ನೋಡಿದೆ, ಲಾರ್ವಾ ಹೋದವು. ಸ್ಟ್ಯಾಂಡಿನ ಕಾಲು ತುಕ್ಕು ಹಿಡಿಯಿತು ಅಂತ ತಮ್ಮ ಒಂದು ತಿಂಗಳು ಮಾತು ಬಿಟ್ಟ. ಈಗ ನಾಲ್ಕು ದಿನಕ್ಕೊಮ್ಮೆ ನೀರು ಬದಲಾಯಿಸಿ, ಒಳಬದಿ ಬಟ್ಟೆಯಿಂದ ತಿಕ್ಕಿ ಒರೆಸುತ್ತಾನೆ. ತಿಕ್ಕುವುದೇ ಮುಖ್ಯ. ಮೊಟ್ಟೆ ಇರುವುದು ನೀರಿನಲ್ಲಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಗೋಡೆಗೆ ಅಂಟಿಕೊಂಡು. ನೀರು ಚೆಲ್ಲಿ ಒಣಗಿಸಿಟ್ಟರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಮತ್ತೆ ನೀರು ತಾಗಿದರೆ ಸಾಕು, ಒಡೆಯುತ್ತವೆ. ಸುಮ್ಮನೆ ಕವುಚಿ ಇಟ್ಟ ಬಿಂದಿಗೆ ಎಷ್ಟು ಮೋಸ ನೋಡಿ.

ಹೊಗೆ ಹೊಡೆಯುವ ಮಿಷನ್ ಯಾವಾಗ ಬರುತ್ತದೆ ಅಂತ ಈಗಲೂ ಕೇಳುವವರಿದ್ದಾರೆ. ಹೊಗೆ ಹಾರುತ್ತಿರುವ ಸೊಳ್ಳೆಗೆ ತಾಗಿದರೆ ಸಾಯಿಸುತ್ತದೆ. ಮಂಚದ ಕೆಳಗಿನದಕ್ಕೆ, ತೊಟ್ಟಿಯೊಳಗಿನದಕ್ಕೆ ಏನೂ ಆಗುವುದಿಲ್ಲ. ಸಾಲದ್ದಕ್ಕೆ ನಮ್ಮದು ರೇಷ್ಮೆ ಊರು. ಆ ಹೊಗೆ ಹುಳು ಮನೆಗೆ ನುಗ್ಗಿದರೆ ಒಂದು ಬೆಳೆ ಹೋಯಿತು ಅಂತಲೇ ಲೆಕ್ಕ. ಸೊಳ್ಳೆ ಬತ್ತಿಯನ್ನೂ ನಾವು ಹುಳು ಮನೆ ಹತ್ತಿರ ಹಚ್ಚುವುದಿಲ್ಲ. ಹಾಗಾಗಿ ಮಿಷನ್ ಬಂದಾಗ ಒಂದು ಬೀದಿ ಬೇಕು ಅನ್ನುತ್ತದೆ, ಇನ್ನೊಂದು ಬೀದಿ ಅಡ್ಡ ನಿಲ್ಲುತ್ತದೆ. ಔಷಧಿ ಹೊಡೆಯಲಾಗದ ಊರಿಗೆ ತೊಟ್ಟಿ ಉಜ್ಜುವುದು ಬಿಟ್ಟು ಬೇರೆ ಗತಿಯಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಅಂತ ಘೋಷಿಸಿ ದಂಡ ಇಟ್ಟಿತು. ಮನೆಯಲ್ಲಿ ಲಾರ್ವಾ ಸಿಕ್ಕರೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಆ ಆದೇಶದ ಪ್ರತಿಯನ್ನೂ ನಾನೇ ಜೆರಾಕ್ಸ್ ಮಾಡಿಕೊಟ್ಟೆ. ಒಂದೊಂದು ಬಟ್ಟಲಿಗೂ ಇನ್ನೂರೋ, ಒಟ್ಟಿಗೆ ಇನ್ನೂರೋ ಅಂತ ತಮ್ಮ ಕೇಳಿದ. ದಂಡಕ್ಕೆ ನಾನೇನೂ ವಿರೋಧಿ ಅಲ್ಲ. ಎಂಟು ದಿನಕ್ಕೊಮ್ಮೆ ನೀರು ಬಿಡುವುದಕ್ಕೂ ಒಂದು ದಂಡ ಇದ್ದಿದ್ದರೆ ತಕ್ಕಡಿ ಸಮ ಆಗುತ್ತಿತ್ತು ಅಂತ ಅನ್ನಿಸಿತು, ಅಷ್ಟೇ.

ಇನ್ನು ಶುಕ್ರವಾರದ ಜಗಳ. ವಾರಕ್ಕೊಂದು ದಿನ, ಶುಕ್ರವಾರ, ಎಲ್ಲಾ ತೊಟ್ಟಿ ಖಾಲಿ ಮಾಡಿ ಒಣಗಿಸಿ ಅಂತ ಆರೋಗ್ಯ ಇಲಾಖೆಯವರು ಹೇಳಿಕೊಂಡು ಬಂದರು. ವಾರಕ್ಕೊಮ್ಮೆ ಅನ್ನುವುದು ಸರಿಯಾದ ಲೆಕ್ಕವೇ, ಸೊಳ್ಳೆ ರೆಕ್ಕೆ ಕಟ್ಟುವ ಮುಂಚೆ ಅದರ ಮನೆ ಮುರಿಯಬೇಕು. ಆದರೆ ಶುಕ್ರವಾರ ಲಕ್ಷ್ಮಿಯ ದಿನ. ಅಂದು ತುಂಬಿದ ತೊಟ್ಟಿ ಬರಿದು ಮಾಡು ಅಂದರೆ ಅಮ್ಮ ಸುಮ್ಮನಿರುತ್ತಾರಾ? ಅಮ್ಮನ ಮಾತು ಬಿಡಿ, ನಮ್ಮ ಬೀದಿಗೆ ನೀರು ಬಂದದ್ದು ಗುರುವಾರವಾದರೆ ಶುಕ್ರವಾರ ಯಾರು ಚೆಲ್ಲುತ್ತಾರೆ? ಚೆಲ್ಲಿದರೆ ಮುಂದಿನ ಏಳು ದಿನ ಏನು ಮಾಡಬೇಕು?

ಪಕ್ಕದ ಮನೆಯವರೇ, ಆ ಹುಡುಗನ ಅಮ್ಮನೇ, ಇದಕ್ಕೆ ದಾರಿ ಹೇಳಿದ್ದು. ವಾರ ನೋಡಬೇಡಿ, ನೀರು ನೋಡಿ ಅಂದರು. ನೀರು ಬರುವ ಹಿಂದಿನ ರಾತ್ರಿ ತೊಟ್ಟಿಯ ತಳದಲ್ಲಿ ಎರಡು ಬಿಂದಿಗೆ ಉಳಿದಿರುತ್ತದೆ ಅಷ್ಟೇ. ಅದನ್ನು ಬಟ್ಟೆಯಲ್ಲಿ ಸೋಸಿ ಬಕೆಟ್ಟಿಗೆ ಹಾಕಿ, ಮೀನನ್ನು ಅದರಲ್ಲೇ ಬಿಟ್ಟು, ಗೋಡೆಯನ್ನು ತೆಂಗಿನ ನಾರಿನಿಂದ ಮೇಲಿನಿಂದ ಕೆಳಗೆ ಉಜ್ಜಿದರೆ ಆಯಿತು. ಒಂದು ಹನಿ ವ್ಯರ್ಥವಿಲ್ಲ. ಸರದಿ ತಡವಾಗಿ ಎಂಟು ದಿನ ದಾಟಿದರೆ, ಇದ್ದ ನೀರನ್ನೇ ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ತುಂಬಿ, ತೊಟ್ಟಿ ಉಜ್ಜಿ, ವಾಪಸ್ ಹಾಕುವುದು. ವಾಲ್ವ್ ತಿರುಗಿಸುವ ವಾಟರ್‌ಮ್ಯಾನ್ ಈಗ ಹಿಂದಿನ ಸಂಜೆಯೇ ಬೀದಿಯ ವಾಟ್ಸಾಪ್ ಗುಂಪಿಗೆ ‘ನಾಳೆ ನೀರು’ ಅಂತ ಹಾಕುತ್ತಾನೆ. ಆ ಎರಡೇ ಪದ. ನಾನು ಹತ್ತು ವರ್ಷ ಜೋಡಿಸಿದ ಕರಪತ್ರಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತಿದೆ.

ಎಲ್ಲರೂ ಮಾಡುತ್ತಾರಾ? ಇಲ್ಲ. ಹೋದ ತಿಂಗಳು ಆಶಾ ಅಕ್ಕ ಬಂದಾಗ ಬೀದಿಯ ಇಪ್ಪತ್ತಾರು ಮನೆಯಲ್ಲಿ ಐದರಲ್ಲಿ ಲಾರ್ವಾ ಸಿಕ್ಕಿತು. ನಮ್ಮ ಮನೆಯಲ್ಲೂ. ತೊಟ್ಟಿಯಲ್ಲಲ್ಲ, ಬಟ್ಟಲಲ್ಲಲ್ಲ. ಮಿಕ್ಸಿ ಬಂದ ಮೇಲೆ ಹಿತ್ತಲಲ್ಲಿ ಮೂಲೆಗೆ ಬಿದ್ದಿರುವ ಅಜ್ಜಿಯ ಒರಳುಕಲ್ಲಿನ ಗುಂಡಿಯಲ್ಲಿ, ಮಳೆ ನೀರು ನಿಂತು. ದಿನಾ ಅದರ ಪಕ್ಕದಲ್ಲೇ ಹಲ್ಲುಜ್ಜುತ್ತೇನೆ.

ಇಷ್ಟು ಬರೆಯುವಷ್ಟರಲ್ಲಿ ಫೋನು ಟಿಂಗ್ ಅಂದಿತು. ‘ನಾಳೆ ನೀರು.’ ಹಿತ್ತಲಲ್ಲಿ ಮಗಳು ಆಗಲೇ ಬಕೆಟ್ ಹಿಡಿದು ಮೀನು ಎಣಿಸುತ್ತಿದ್ದಾಳೆ, ಮೂವತ್ತೆಂಟೇ ಸಿಕ್ಕಿವೆ ಅಂತ ಕೂಗುತ್ತಿದ್ದಾಳೆ. ಉಳಿದೆರಡು ತೊಟ್ಟಿಯ ಮೂಲೆಯಲ್ಲಿ ಇರಬೇಕು. ಟಾರ್ಚ್ ತೆಗೆದುಕೊಂಡು ಹೋಗುತ್ತೇನೆ.